ಹತ್ತು ತಿಂಗಳ ದುಡಿಮೆ, ಹನ್ನೆರಡು ತಿಂಗಳ ಸಂಸಾರ

ಅರ್ಗಾದ ನಮ್ಮನೇಲಿ ದುಡ್ಡಿನ ಜಗಳ ಶುರುವಾಗಿದ್ದು ಜೂನ್‌ನಲ್ಲಿ. ನಮ್ಮವರು ಬೈತಖೋಲ್ ಬಂದರಿನಿಂದ ಬೋಟಿಗೆ ಹೋಗೋರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ದುಡಿಮೆ ನಿಲ್ಲುತ್ತೆ, ರೇಷನ್ನು, ಕರೆಂಟ್ ಬಿಲ್ಲು, ಬೈಕಿನ ಕಂತು ನಿಲ್ಲಲ್ಲ. ಮದುವೆಯಾದ ಮೊದಲ ಮಳೆಗಾಲಕ್ಕೇ ನನ್ನ ಬಳೆ ಅಡ ಇಟ್ವಿ. "ದುಡ್ಡೆಲ್ಲ ಎಲ್ಲಿ ಹೋಯ್ತು?" ಅಂತ ಇಬ್ಬರೂ ಕೇಳಿದ್ವಿ. ಬಿಕಾಂ ಓದಿದ ನನ್ನ ಹತ್ರಾನೂ ಉತ್ತರ ಇರಲಿಲ್ಲ.

ಈಗ ಹತ್ತು ತಿಂಗಳ ದುಡಿಮೆಯನ್ನ ಹನ್ನೆರಡು ತಿಂಗಳಿಗೆ ಹಂಚ್ತೀವಿ. ಉದಾಹರಣೆಗೆ, ತಿಂಗಳಿಗೆ ಸರಾಸರಿ 24,000 ರೂಪಾಯಿ ಬಂದರೆ ಖರ್ಚಿಗೆ 20,000, ಜಂಟಿ ಖಾತೆಗೆ 4,000. ಮೇ ಕೊನೆಗೆ 40,000. ಎರಡು ತಿಂಗಳ ಖರ್ಚು ರೆಡಿ. ಇಬ್ಬರಿಗೂ ತಲಾ 500 ಕೈಖರ್ಚು, ಅದರ ಲೆಕ್ಕ ಯಾರೂ ಕೇಳೋ ಹಾಗಿಲ್ಲ.

ಬಳೆ ವಾಪಸ್ ಬಂದಿದೆ. ನಿಮ್ಮನೇಲಿ ಕೈ ಖಾಲಿಯಾಗೋ ತಿಂಗಳು ಯಾವುದು? ಇವತ್ತು ರಾತ್ರಿ ಇಬ್ಬರೂ ಕೂತು ಬರ್ಕೊಳ್ಳಿ.