ಒಂದೇ ಪ್ರತಿಯ ಅಚ್ಚು

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಕಿಕ್ಕೇರಿಗೆ ಸಮೀಪವಾಗಿ ಗೋವಿಂದನಹಳ್ಳಿಯೆಂಬ ಗ್ರಾಮವಿರುವುದು. ಊರು ಚಿಕ್ಕದಾದರೂ ಅಲ್ಲಿಯ ಪಂಚಲಿಂಗೇಶ್ವರನ ಗುಡಿ ದೊಡ್ಡದು. ಹೊಯ್ಸಳ ವೀರಸೋಮೇಶ್ವರನ ಕಾಲದಲ್ಲಿ, ಸುಮಾರು 1238ರಲ್ಲಿ, ಕಟ್ಟಿದ ಈ ಗುಡಿಯ ಐದು ಗರ್ಭಗೃಹಗಳೂ ಒಂದೇ ಸಾಲಿನಲ್ಲಿ ನಿಂತು, ಐದಕ್ಕೂ ಐದು ಶಿಖರಗಳಿರುವುದರಿಂದ, ದೂರದಿಂದ ನೋಡುವವರಿಗೆ ಐದು ಗುಡಿಗಳೇ ಕೈಕೈ ಹಿಡಿದು ನಿಂತಂತೆ ತೋರುವುದು. ಇಲ್ಲಿಯ ಕೆಲಸದೊಡನೆ ರೂವಾರಿ ಮಲ್ಲಿತಮ್ಮನ ಹೆಸರು ಕೂಡಿಕೊಂಡಿದೆ.

ನಾವು ಅಲ್ಲಿಗೆ ಹೋದಾಗ ನಮ್ಮೊಡನಿದ್ದ ಹುಡುಗಿಯೊಬ್ಬಳು ತನ್ನ ಪುಸ್ತಕದಿಂದ ಹಾಳೆಯೊಂದನ್ನು ಕಿತ್ತು, ಗೋಡೆಯ ಬಳ್ಳಿಯ ಮೇಲಿಟ್ಟು, ಸೀಸದ ಕಡ್ಡಿಯಿಂದ ಉಜ್ಜಲು ಹೊರಟಳು. ನಾಣ್ಯದ ಮೇಲೆ ಕಾಗದವಿಟ್ಟು ಹೀಗೆ ಉಜ್ಜಿ ರೂಪಾಯಿ ತೆಗೆಯುವ ಆಟವನ್ನು ಬಾಲ್ಯದಲ್ಲಿ ಆಡದವರಾರು? ಆದರೂ ನಾವು ಅವಳ ಕೈ ಹಿಡಿದೆವು. ಹೊಯ್ಸಳರ ಬಳಪದ ಕಲ್ಲು ಮೃದುವಾದುದು. ಒಂದೊಂದು ಕೈಯೂ ಒಂದಿಷ್ಟು ಸವೆಸಿದರೆ ಏಳುನೂರೆಂಬತ್ತು ವರ್ಷಗಳಿಂದ ಉಳಿದ ಬಳ್ಳಿ ಮುಂದಿನವರಿಗೆ ಉಳಿಯದು. ಸರಕಾರದ ಪುರಾತತ್ತ್ವ ಇಲಾಖೆಯವರ ರಕ್ಷಣೆಯಲ್ಲಿರುವ ಗುಡಿಯೂ ಹೌದು. ಹುಡುಗಿಯ ಮುಖ ಬಾಡಿತು. “ಹಾಗಾದರೆ ಶಾಸನ ಓದುವವರು ಕಲ್ಲಿನಿಂದ ಅಚ್ಚು ತೆಗೆಯುವುದಿಲ್ಲವೆ?” ಎಂದು ಕೇಳಿದಳು.

ತೆಗೆಯುವರು, ನಿಜ. ಕಲ್ಲನ್ನು ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದರೆ ಕಾಗದವು ಅಕ್ಷರಗಳ ಗುಳಿಯೊಳಕ್ಕೆ ಇಳಿಯುವುದು. ಅರೆಯಾಗಿ ಆರಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲುಮೇಲೆ ತಟ್ಟಿದರೆ ನೆಲ ಕಪ್ಪಾಗಿ ಅಕ್ಷರಗಳು ಬೆಳ್ಳಗೆ ನಿಲ್ಲುವುವು. ಶಾಸನಗಳನ್ನು ಓದುವವರಿಗೆ ಇಂಥ ಪಡಿಯಚ್ಚೇ ಆಧಾರ. ರೈಸ್ ಸಾಹೇಬರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಶಾಸನಗಳು 1898ರ ನಾಲ್ಕನೆಯ ಸಂಪುಟದಲ್ಲಿವೆ. ಆದರೆ ಇದು ಅಧಿಕಾರವೂ ಅಭ್ಯಾಸವೂ ಉಳ್ಳವರ ಕೆಲಸ; ಪ್ರವಾಸಕ್ಕೆ ಬಂದವರದಲ್ಲ. “ಮನೆಗೆ ಹೋದ ಮೇಲೆ ಬೇರೊಂದು ಅಚ್ಚನ್ನು ಕಲಿಸುವೆವು” ಎಂದು ಮಾತು ಕೊಟ್ಟು, ಕಂಡುದನ್ನು ಕಣ್ಣಳತೆಯಿಂದ ಬರೆದುಕೊಳ್ಳುವಂತೆ ಹೇಳಿದೆವು.

ಅಚ್ಚೆಂಬುದು ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಸಂಕ್ರಾಂತಿಗೆ ಸಕ್ಕರೆ ಅಚ್ಚು, ಮಂಡ್ಯದ ಸೀಮೆಯ ಅಚ್ಚು ಬೆಲ್ಲ, ಕೃಷ್ಣಾಷ್ಟಮಿಗೆ ಮುಷ್ಟಿಯನ್ನು ಹಿಟ್ಟಿನಲ್ಲಿ ಅದ್ದಿ ಬಾಗಿಲಿನಿಂದ ದೇವರ ಮನೆಯವರೆಗೆ ಒತ್ತುವ ಪುಟ್ಟ ಪಾದಗಳು, ಇವೆಲ್ಲ ಅಚ್ಚೇ. ಚಿಕ್ಕ ಮಕ್ಕಳಿಗೆ ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು ಬಣ್ಣದಲ್ಲಿ ಅದ್ದಿಕೊಟ್ಟರೆ ಕಾಗದದ ತುಂಬ ಹೂ ಬಿಡಿಸುವರು. ಲಿನೋಲಿಯಮ್ಮನ್ನು ಕೊರೆದು ಅಚ್ಚು ಮಾಡುವುದು ಬೆಳೆದವರಿಗೆ. ನಂದಲಾಲ ಬೋಸರು 1930ರಲ್ಲಿ ರವೀಂದ್ರನಾಥರ ‘ಸಹಜ ಪಾಠ’ಕ್ಕೆ ಕೊಟ್ಟ ಚಿತ್ರಗಳು ಈ ಬಗೆಯವು. ಕಲ್ಲಚ್ಚಿಗೆ ತಕ್ಕ ಕಲ್ಲೂ ಯಂತ್ರವೂ ಬೇಕು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಅದರಿಂದಲೇ ಹೊರಬಿದ್ದುದು.

ಆದರೆ ಮನೆಯವರಿಗೆಲ್ಲ ಒಗ್ಗುವುದು ಏಕಪ್ರತಿಯ ಅಚ್ಚು, ಎಂದರೆ ಮಾನೋಟೈಪು. ಇದರಲ್ಲಿ ಕೊರೆತವಿಲ್ಲ. ಅಂಚಿಗೆ ಪಟ್ಟಿ ಅಂಟಿಸಿದ ಗಾಜಿನ ಹಲಗೆಯ ಮೇಲೆ ಎಣ್ಣೆ ಬಣ್ಣವನ್ನೋ ಅಚ್ಚಿನ ಮಸಿಯನ್ನೋ ತೆಳ್ಳಗೆ ಸವರಿ, ಬೆಳಕು ಬೇಕಾದೆಡೆಯಲ್ಲಿ ಬಟ್ಟೆಯಿಂದಲೂ ಕಡ್ಡಿಯಿಂದಲೂ ಒರಸಿ ತೆಗೆದು, ಮೇಲೆ ಕಾಗದವನ್ನು ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಎತ್ತಬೇಕು. ಮಸಿ ದಪ್ಪವಾದರೆ ಚಿತ್ರ ಕೆಸರಾಗುವುದು. ನಮ್ಮ ಮೊದಲ ಮೂರೂ ಹಾಗೆಯೇ ಆದುವು. ಕಾಗದ ದಪ್ಪವಾಗಿದ್ದರೆ ಸ್ವಲ್ಪ ತೇವ ಮಾಡಿಕೊಳ್ಳುವುದು ಲೇಸು. ಮಕ್ಕಳಿಗೆ ನೀರುಬಣ್ಣವೇ ಸಾಕು: ಗಾಜಿಗೆ ತೆಳುವಾಗಿ ಸಾಬೂನು ಹಚ್ಚಿ ಆರಿಸಿ, ಅದರ ಮೇಲೆ ಬರೆದು, ಅದೂ ಆರಿದ ಬಳಿಕ ಒದ್ದೆ ಕಾಗದವನ್ನು ಒತ್ತಬೇಕು. ಎಣ್ಣೆ ಬಣ್ಣವನ್ನು ತೊಳೆಯುವುದಕ್ಕೆ ಸೀಮೆಎಣ್ಣೆಯನ್ನು ಅಡಿಗೆಮನೆಗೆ ತರಬೇಡಿರಿ. ಅಡಿಗೆಯ ಎಣ್ಣೆಯಿಂದ ಒರಸಿ ಸಾಬೂನಿನಿಂದ ತೊಳೆದರಾಯಿತು.

ಗಾಜಿನ ಮೇಲಿನ ಬಣ್ಣವೆಲ್ಲ ಒಂದೇ ಪ್ರತಿಗೆ ಹೋಗಿಬಿಡುವುದು. ಉಳಿದ ಮಸುಕಿನಿಂದ ಇನ್ನೊಂದು ತೆಗೆಯಬಹುದು. ಅದು ಮೊದಲನೆಯದರ ನೆರಳು. ಇಟಲಿಯ ಕಾಸ್ಟಿಲಿಯೋನೆಯೆಂಬ ಚಿತ್ರಗಾರನು 1640ರ ದಶಕದಲ್ಲಿಯೇ ಇಂಥ ಅಚ್ಚುಗಳನ್ನು ತೆಗೆದಿದ್ದನು. ಫ್ರಾನ್ಸಿನ ದೆಗಾ 1870ರ ದಶಕದಿಂದ ನೂರಾರು ತೆಗೆದು, ಆ ನೆರಳಿನ ಪ್ರತಿಗಳ ಮೇಲೆ ಬಣ್ಣದ ಕಡ್ಡಿಯಿಂದ ತಿದ್ದಿ ಬೇರೆಯೇ ಚಿತ್ರಗಳನ್ನಾಗಿ ಮಾಡುತ್ತಿದ್ದನು. ಕೆಟ್ಟುಹೋಯಿತೆಂದು ಎಸೆಯುವ ಮುನ್ನ ನಾವೂ ಇದನ್ನು ನೆನೆಯಬಹುದು.

ಹುಡುಗಿ ಮೊದಲು ದೀಪಾವಳಿಯ ಕಾಗದವೊಂದನ್ನು ಅಚ್ಚು ಹಾಕಿದಳು. ಹಣತೆ ಚೆನ್ನಾಗಿ ಬಂದಿತು. ಅಡಿಯ ‘ಶುಭ’ ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕುಳಿತಿತ್ತು. ಶಾಸನದ ಅಚ್ಚಿನಲ್ಲಿ ಅಕ್ಷರ ತಿರುಗುವುದಿಲ್ಲವಲ್ಲ ಎಂದು ಅವಳ ತಕರಾರು. ಅಲ್ಲಿ ಮಸಿ ತಟ್ಟುವುದು ಕಾಗದದ ಹೊರಮೈಗೆ, ಇಲ್ಲಿ ಬಣ್ಣ ಹತ್ತುವುದು ಒಳಮೈಗೆ. ಆದುದರಿಂದ ಎತ್ತಿ ಮಗುಚಿದಾಗ ಎಡವು ಬಲವಾಗುವುದೆಂದು ವಿವರಿಸಿದೆವು. ಅದಕ್ಕೆ ಉಪಾಯವುಂಟು: ತೆಳುವಾದ ಹಾಳೆಯಲ್ಲಿ ಸರಿಯಾಗಿ ಬರೆದು, ಅದನ್ನು ಮಗುಚಿ ಗಾಜಿನ ಕೆಳಗಿಟ್ಟು, ಮೇಲೆ ಕಾಣುವ ಗೆರೆಯನ್ನೇ ಅನುಸರಿಸುವುದು.

ಮರುದಿನ ಅವಳು ಗೋವಿಂದನಹಳ್ಳಿಯಲ್ಲಿ ಬರೆದುಕೊಂಡಿದ್ದ ಐದು ಶಿಖರಗಳನ್ನು ಗಾಜಿಗೆ ಇಳಿಸಿದಳು. ಈ ಸಲ ಹಾಳೆಯನ್ನು ಮಗುಚಲಿಲ್ಲ. ಮರೆತಳೋ ಬೇಕೆಂದೇ ಬಿಟ್ಟಳೋ ತಿಳಿಯದು. ಅಚ್ಚಿನಲ್ಲಿ ಸಾಲು ಅದಲುಬದಲಾಗಿ ಬಂದಿತು. ಹೊತ್ತು ನೋಡಿದ ಮೇಲೆ, “ಗುಡಿಯ ಹಿಂದೆ ನಿಂತು ನೋಡಿದರೆ ಹೀಗೆಯೇ ಅಲ್ಲವೆ?” ಎಂದಳು. ಹೌದೆನ್ನದೆ ನಮಗೆ ಗತಿಯಿರಲಿಲ್ಲ. ಮೊದಲ ಪ್ರತಿಯನ್ನು ಅಜ್ಜಿಗೆ ಕೊಟ್ಟು, ಮಸುಕಾದ ಎರಡನೆಯದನ್ನು ತಾನಿಟ್ಟುಕೊಂಡಿರುವಳು.