ಫ್ಯಾನ್ ಬೆಲ್ಟಿನೊಳಗೊಂದು ಪಿಟೀಲು

ಹಳೆಯ ಕಾರು ಇಟ್ಟುಕೊಂಡವರಿಗೆ ಈ ಸದ್ದನ್ನು ಪರಿಚಯ ಮಾಡಿಕೊಡಬೇಕಿಲ್ಲ. ಮಳೆಗಾಲದ ಬೆಳಿಗ್ಗೆ ಚಾವಿ ತಿರುಗಿಸಿದ್ದೇ ತಡ, ಬಾನೆಟ್ಟಿನ ಕೆಳಗಿಂದ ಕಿರ್ರ್ ಎಂಬ ಚೀತ್ಕಾರ ಹೊರಟು, ಬೀದಿಯನ್ನೆಲ್ಲ ಎಬ್ಬಿಸಿ, ತುಸು ಹೊತ್ತಿಗೆ ತಾನಾಗಿ ಅಡಗುತ್ತದೆ. ಹೆಡ್‌ಲೈಟ್ ಹಾಕಿದರೆ ಮತ್ತೆ ಶುರು. ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಡುತ್ತಾನೆ: "ಫ್ಯಾನ್ ಬೆಲ್ಟ್ ಸಾರ್, ಟೈಟ್ ಮಾಡಿದ್ರೆ ಹೋಗುತ್ತೆ." ಬಹಳ ಸಲ ಹೋಗಿಯೂ ಬಿಡುತ್ತದೆ. ಆದರೆ ಸಡಿಲಾದ ಬೆಲ್ಟು ಸದ್ದಿಲ್ಲದೆ ಜಾರಬಹುದಿತ್ತಲ್ಲ, ಕಿರುಚುವುದೇಕೆ? ಈ ಪ್ರಶ್ನೆಗೆ ಉತ್ತರ ಮೊದಲು ದೊರೆತದ್ದು ಕಾರಿನಲ್ಲಲ್ಲ, ಪಿಟೀಲಿನ ತಂತಿಯಲ್ಲಿ. ಆಗಿನ್ನೂ ಕಾರೇ ಹುಟ್ಟಿರಲಿಲ್ಲ.

1860ರ ಆಸುಪಾಸು. ಜರ್ಮನಿಯ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್‌ಗೆ ಕಮಾನು ಎಳೆದಾಗ ತಂತಿ ಏನು ಮಾಡುತ್ತದೆಂದು ಕಣ್ಣಾರೆ ನೋಡಬೇಕಿತ್ತು. ಬರಿಗಣ್ಣಿಗೆ ಕಾಣುವುದು ಮಸುಕು ಪಟ್ಟಿಯೊಂದೇ. ಆತ ತಂತಿಗೆ ಕಪ್ಪು ಬಳಿದು, ಮೇಲೊಂದು ಪಿಷ್ಟದ ಕಣ ಅಂಟಿಸಿ, ಶ್ರುತಿಕವೆಯ ಜೊತೆ ತಾನೂ ಕಂಪಿಸುವ ಸೂಕ್ಷ್ಮದರ್ಶಕದಿಂದ ಆ ಬಿಳಿ ಚುಕ್ಕೆಯ ಓಡಾಟವನ್ನು ಹಿಡಿದ. ಕಂಡದ್ದು ವಿಚಿತ್ರ. ತಂತಿ ಕಮಾನಿಗೆ ಅಂಟಿಕೊಂಡು ಅದರ ಜೊತೆಗೇ ಸಾಗುತ್ತದೆ, ಎಳೆತ ಮಿತಿ ಮೀರಿದಾಗ ಕಳಚಿಕೊಂಡು ಸರ್ರನೆ ಹಿಂದಕ್ಕೆ ಹಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಅಂಟು–ಜಾರಾಟವೇ ನಾದ.

ಇದನ್ನು ಮುಂದಕ್ಕೆ ಒಯ್ದವರು ಸಿ.ವಿ. ರಾಮನ್. ಬೆಂಗಳೂರಿಗೆ ಬರುವುದಕ್ಕೆ ಇನ್ನೂ ಬಹಳ ಮೊದಲು ಕಲ್ಕತ್ತೆಯಲ್ಲಿ ಸರ್ಕಾರಿ ಲೆಕ್ಕಪತ್ರದ ಕೆಲಸದಲ್ಲಿದ್ದಾಗಲೇ, ಕಚೇರಿಯ ಮುಂಚೆ ಮತ್ತು ನಂತರದ ಹೊತ್ತನ್ನು ಅವರು ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಾಲಯದಲ್ಲಿ ಕಳೆಯುತ್ತಿದ್ದರು. ಪಿಟೀಲು ಜಾತಿಯ ವಾದ್ಯಗಳ ತಂತಿಗಳ ಮೇಲೆ 1918ರಲ್ಲಿ ದೊಡ್ಡ ಪ್ರಬಂಧ ಬರೆದರು. ಮನುಷ್ಯನ ಕೈ ಒಂದೇ ಸಮನೆ ಎಳೆಯದು ಎಂದು ಪಿಟೀಲು ನುಡಿಸುವ ಯಂತ್ರವನ್ನೇ ಕಟ್ಟಿದರು. ಅದರಲ್ಲಿ ಕಮಾನು ಇದ್ದಲ್ಲೇ ಇರುತ್ತಿತ್ತು, ಪಿಟೀಲೇ ಹಿಂದೆ ಮುಂದೆ ಓಡುತ್ತಿತ್ತು! ಕಮಾನು ಎಷ್ಟು ಒತ್ತಿದರೆ ನಾದ ಸ್ಥಿರವಾಗಿ ನಿಲ್ಲುತ್ತದೆ, ಎಷ್ಟು ಕಡಿಮೆಯಾದರೆ ಒಡೆಯುತ್ತದೆ ಎಂಬುದನ್ನು ಅಳೆಯುವುದು ಅವರ ಉದ್ದೇಶ. ಒತ್ತಡ, ವೇಗ, ಹಿಡಿತ ಈ ಮೂರರ ಲೆಕ್ಕವೇ ಬೆಲ್ಟು ಮತ್ತು ಪುಲ್ಲಿಯ ನಡುವೆಯೂ ನಡೆಯುವುದು. ರಾಮನ್ ಎಂದರೆ ನಮಗೆ ಬೆಳಕಿನ ಚದರಿಕೆ ಮಾತ್ರ ನೆನಪಾಗುತ್ತದೆ. ಈ ಪಿಟೀಲಿನ ಪರ್ವವನ್ನು ನಮ್ಮ ಪಾಠಪುಸ್ತಕಗಳು ಹಾರಿಸಿಬಿಡುತ್ತವೆ.

ಲೋಹದ ಮೇಲೆ ಲೋಹ ಜಾರುವಾಗಲೂ ಇದೇ ಹಿಡಿ–ಬಿಡಿ ಎಂದು ಕೇಂಬ್ರಿಜ್‌ನಲ್ಲಿ ಬೌಡನ್ ಮತ್ತು ಲೆಬೆನ್ ಎಂಬ ವಿಜ್ಞಾನಿಗಳು 1939ರಲ್ಲಿ ಅಳೆದು ತೋರಿಸಿದರು. ರಬ್ಬರಿನ ಸರದಿ ಬಂದದ್ದು 1971ರಲ್ಲಿ. ರಬ್ಬರ್ ಜಾರುವುದಾದರೂ ಹೇಗೆ ಎಂಬ ನೇರ ಪ್ರಶ್ನೆಯನ್ನೇ ತಲೆಬರಹ ಮಾಡಿಕೊಂಡು ಅಡಾಲ್ಫ್ ಶಾಲಮಾಕ್ ಒಂದು ಲೇಖನ ಬರೆದರು. ಮೆತ್ತನೆಯ ರಬ್ಬರ್ ಗಟ್ಟಿ ಮೇಲ್ಮೈಯ ಮೇಲೆ ಇಡಿಯಾಗಿ ಜಾರದೆಯೂ ಮುಂದೆ ಸಾಗಬಲ್ಲದು. ಹಾಸಿದ ಜಮಖಾನೆಯ ಒಂದು ಅಂಚನ್ನು ಒದ್ದಾಗ ಮಡಿಕೆಯೊಂದು ಇನ್ನೊಂದು ತುದಿಗೆ ಓಡುತ್ತದಲ್ಲ, ಹಾಗೆ ಸಣ್ಣ ಸಣ್ಣ ಮಡಿಕೆಗಳು ರಬ್ಬರಿನ ಮೈಮೇಲೆ ಓಡುತ್ತವೆ.

ಹಿಡಿತ ತಪ್ಪಿದ ಬೆಲ್ಟು ಪುಲ್ಲಿಯ ಮೇಲೆ ಹೀಗೆ ಅಂಟಿ ಜಾರುತ್ತ ಕಿರುಚುತ್ತದೆ ಎಂದು ಇಷ್ಟರಿಂದ ತಿಳಿಯಿತು. ಹಿಡಿತ ತಪ್ಪುವುದೇಕೆ ಎಂಬುದಕ್ಕೆ ಅಮೆರಿಕದ ಡೆನ್ವರ್‌ಗೆ ಹೋಗಬೇಕು. ಅಲ್ಲಿ 1917ರಲ್ಲಿ ಜಾನ್ ಗೇಟ್ಸ್ ಎಂಬಾತ ರಬ್ಬರು ಮತ್ತು ನೂಲು ಸೇರಿಸಿ, ಬದಿಗಳು ಇಳಿಜಾರಾದ ವಿ ಆಕಾರದ ಬೆಲ್ಟು ಮಾಡಿದ. ಅದು ಪುಲ್ಲಿಯ ತೋಡಿನ ತಳದಲ್ಲಿ ಕೂರುವುದಿಲ್ಲ. ಎರಡೂ ಗೋಡೆಗಳ ನಡುವೆ ಬೆಣೆಯಾಗಿ ಸಿಕ್ಕಿಕೊಳ್ಳುತ್ತದೆ, ಎಳೆದಷ್ಟೂ ಬಿಗಿಯುತ್ತದೆ.

ಈ ಬೆಣೆಯ ಬೆಲೆ ಎಷ್ಟೆಂದು ಲೆಕ್ಕ ಹಾಕಬಹುದು. ಕಂಬಕ್ಕೆ ಸುತ್ತಿದ ಹಗ್ಗ ಎಷ್ಟು ಎಳೆತ ತಡೆಯುತ್ತದೆ ಎಂಬ ಸೂತ್ರ 18ನೇ ಶತಮಾನದ ಗಣಿತಜ್ಞ ಆಯ್ಲರ್‌ನಿಂದ ಬಂದದ್ದು. ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೊಳ್ಳಿ, ಬೆಲ್ಟು ಪುಲ್ಲಿಯನ್ನು ಅರ್ಧ ಸುತ್ತು ಬಳಸಿದೆ. ಚಪ್ಪಟೆ ಬೆಲ್ಟಾದರೆ ಬಿಗಿ ಬದಿಯ ಎಳೆತ ಸಡಿಲ ಬದಿಯ ಎಳೆತದ ಎರಡೂವರೆ ಪಟ್ಟು ಮೀರಿದರೆ ಜಾರಿತು. ಅದೇ ಬೆಲ್ಟು 36 ಡಿಗ್ರಿ ಕೋನದ ತೋಡಿನಲ್ಲಿ ಬೆಣೆಯಾಗಿ ಕೂತರೆ ಆ ಮಿತಿ ಸುಮಾರು 21 ಪಟ್ಟಿಗೆ ಏರುತ್ತದೆ. ಇಷ್ಟು ಚಿಕ್ಕ ಪಟ್ಟಿ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ಒಟ್ಟಿಗೆ ಎಳೆಯುವ ಗುಟ್ಟು ಇದೇ.

ಹಳೆಯ ಕಾರಿನ ರೋಗವೂ ಇಲ್ಲೇ ಅಡಗಿದೆ. ವರ್ಷಗಳ ಉಜ್ಜಾಟಕ್ಕೆ ಬೆಲ್ಟಿನ ಬದಿ ಸವೆದು ಅದು ತೋಡಿನೊಳಗೆ ಕೆಳಕ್ಕೆ ಇಳಿಯುತ್ತ ಹೋಗುತ್ತದೆ. ತಳ ಮುಟ್ಟಿದ ದಿನ ಅದು ವಿ ಬೆಲ್ಟ್ ಅಲ್ಲ, ಚಪ್ಪಟೆ ಬೆಲ್ಟು. ಹಿಡಿತದ ಬಹುಭಾಗ ಕೈಬಿಟ್ಟಿತು. ಎಷ್ಟು ಟೈಟ್ ಮಾಡಿದರೂ ಒಂದು ವಾರಕ್ಕೆ ಮತ್ತೆ ಕಿರುಚುವ ಬೆಲ್ಟುಗಳ ಕತೆ ಸಾಮಾನ್ಯವಾಗಿ ಇದು. ಎಂಜಿನ್ ಆರಿಸಿ, ಟಾರ್ಚ್ ಬಿಟ್ಟು ಪುಲ್ಲಿಯ ತೋಡಿನ ತಳ ನೋಡಿ. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ಅಲ್ಲಿ ಉಜ್ಜುತ್ತಿದೆ ಎಂದೇ ಅರ್ಥ. ಸ್ಪ್ಯಾನರಿಗೆ ಕೆಲಸವಿಲ್ಲ, ಬೆಲ್ಟು ಬದಲಾಗಬೇಕು. ತೋಡಿನ ಗೋಡೆಗಳೇ ಸವೆದಿದ್ದರೆ ಪುಲ್ಲಿಯೂ.

ಬೆಳಿಗ್ಗೆ ಮಾತ್ರ ಕಿರುಚುವುದೇಕೆ ಎಂಬುದೂ ಈಗ ಸುಲಭ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಕಳೆದುಕೊಂಡದ್ದನ್ನು ತುಂಬಲು ಆಲ್ಟರ್ನೇಟರ್ ಭಾರವಾಗಿ ತಿರುಗುತ್ತದೆ, ರಾತ್ರಿಯ ತೇವ ಬೆಲ್ಟಿನ ಮೇಲಿದೆ. ಬ್ಯಾಟರಿ ತುಂಬಿ ತೇವ ಆರಿದಂತೆ ಸದ್ದು ಇಳಿಯುತ್ತದೆ. ಹೆಡ್‌ಲೈಟ್ ಹಾಕಿದಾಗ ಭಾರ ಮತ್ತೆ ಏರುತ್ತದೆ.

1970ರ ದಶಕದ ಕೊನೆಯಿಂದ ಬಂದ, ಉದ್ದುದ್ದ ಏಣುಗಳಿರುವ ಅಗಲ ಬೆಲ್ಟಿನ ಗುಣ ಬೇರೆ. ಒಂದೇ ಬೆಲ್ಟು ಹಾವಿನಂತೆ ಎಲ್ಲ ಪುಲ್ಲಿಗಳನ್ನೂ ಸುತ್ತಿ ಬರುತ್ತದೆ. ಬಿಗಿ ನೋಡಿಕೊಳ್ಳಲು ಸ್ಪ್ರಿಂಗ್ ಟೆನ್ಷನರ್ ಇದೆ. ಇಲ್ಲಿ ಎರಡು ಬಗೆಯ ಸದ್ದು: ಎಳೆದು ಕಿರುಚುವುದು, ಮತ್ತು ಹಕ್ಕಿಮರಿಯ ಹಾಗೆ ಚಿಂವ್ ಚಿಂವ್ ಎಂದು ಬಿಟ್ಟುಬಿಟ್ಟು ಬರುವುದು. ಇವನ್ನು ಬೇರ್ಪಡಿಸಲು ಬಾಟಲಿ ನೀರು ಸಾಕು. ದೂರ ನಿಂತು, ಅಂಗಿಯ ತೋಳು ಮಡಚಿ, ಓಡುತ್ತಿರುವ ಬೆಲ್ಟಿನ ಏಣುಗಳ ಕಡೆಗೆ ತುಸು ನೀರು ಚಿಮುಕಿಸಬೇಕು. ಸದ್ದು ನಿಂತು, ನೀರು ಆರಿದ ಮೇಲೆ ಮರಳಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ: ಏಣಿನ ಬದಿ ತೋಡಿನ ಗೋಡೆಗೆ ಉಜ್ಜುತ್ತಿತ್ತು, ನೀರು ಅದನ್ನು ನುಣುಪು ಮಾಡಿತು. ನೀರು ಬಿದ್ದೊಡನೆ ಸದ್ದು ಜೋರಾದರೆ ಇದ್ದ ಅಲ್ಪ ಹಿಡಿತವನ್ನೂ ನೀರು ಕಿತ್ತುಕೊಂಡಿದೆ: ಬೆಲ್ಟು ಸಡಿಲ, ಅಥವಾ ಟೆನ್ಷನರ್ ಸೋತಿದೆ. ಬಿರುಕು ಕಂಡಿಲ್ಲ, ಹಾಗಾಗಿ ಬೆಲ್ಟು ಚೆನ್ನಾಗಿದೆ ಎನ್ನುವ ಹಳೆಯ ನಂಬಿಕೆ ಈಗಿನ ಇಪಿಡಿಎಂ ರಬ್ಬರಿಗೆ ಹೊಂದದು. ಅದು ಬಿರುಕು ಬಿಡದೆಯೇ ಟೈರಿನಂತೆ ಸವೆಯುತ್ತದೆ.

ನೀರಿಗೆ ಜಗ್ಗದ ಗೊರಗೊರ ಸದ್ದಾದರೆ ಬೆಲ್ಟಿನ ತಪ್ಪಲ್ಲ. ಬೆಲ್ಟು ಕಳಚಿ ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಒರಟಾಗಿ ತಿರುಗುವುದು, ಅಲುಗುವುದು ಎಲ್ಲಿದೆಯೋ ಅಲ್ಲಿನ ಬೇರಿಂಗ್ ಹೋಗಿದೆ.

ಕೆಲವರು ಬೆಲ್ಟಿಗೆ ರಾಳವೋ ಮೇಣವೋ ಹಚ್ಚಿ ಸದ್ದು ಅಡಗಿಸುತ್ತಾರೆ. ಪಿಟೀಲು ವಿದ್ವಾಂಸರೂ ಕಮಾನಿಗೆ ರಾಳವನ್ನೇ ಉಜ್ಜುವುದು, ಆದರೆ ಅವರಿಗೆ ಬೇಕಾದದ್ದು ನಾದ! ಕಾರಿನಲ್ಲಿ ಆ ಅಂಟು ಧೂಳು ಹಿಡಿದು ಕೆಲವೇ ದಿನಗಳಲ್ಲಿ ಸದ್ದನ್ನು ವಾಪಸು ತರುತ್ತದೆ. ಎಣ್ಣೆಯೋ ಕೂಲೆಂಟೋ ಸೋರಿ ಬೆಲ್ಟು ನೆನೆದಿದ್ದರೆ ಸೋರಿಕೆ ನಿಲ್ಲಿಸದೆ ಹೊಸ ಬೆಲ್ಟು ಹಾಕಿಯೂ ಪ್ರಯೋಜನವಿಲ್ಲ.

ವಿ ಬೆಲ್ಟನ್ನು ಬಿಗಿಯುವಾಗ ಆಲ್ಟರ್ನೇಟರಿನ ಬೋಲ್ಟು ಸಡಿಲಿಸಿ, ಅದನ್ನು ಹೊರಕ್ಕೆ ಮೀಟಿ ಹಿಡಿದು ಮತ್ತೆ ಬಿಗಿಯುತ್ತಾರೆ. ಉದ್ದನೆಯ ಬದಿಯ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 1 ಸೆಂ.ಮೀ. ಬಗ್ಗಬೇಕು, ಖಚಿತ ಅಳತೆ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಸದ್ದಿನ ಮೇಲಿನ ಸಿಟ್ಟಿಗೆ ಇನ್ನೂ ಬಿಗಿದರೆ ಬೆಲ್ಟು ಸುಮ್ಮನಾಗುತ್ತದೆ, ನೀರಿನ ಪಂಪಿನ ಬೇರಿಂಗ್ ಮಾತಾಡಲು ಶುರು ಮಾಡುತ್ತದೆ. ಹೊಸ ಬೆಲ್ಟು ತೋಡಿನಲ್ಲಿ ಕೂತು ಸ್ವಲ್ಪ ಹಿಗ್ಗುವುದರಿಂದ, ಒಂದಿಷ್ಟು ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು.