ಮುಳುಗುವ ನೊಣ

ಕೊಳಕೂರದಂಥ ಊರುಗಳಿಂದ ಬರುವ ನಮ್ಮ ಗೆಳೆಯರಿಗೆ ಗಾಳವೆಂಬುದು ಹೊಸ ವಸ್ತುವಲ್ಲ. ಬಿದಿರಿನ ಕೋಲು, ಗಟ್ಟಿ ದಾರ, ಒಂದು ಬೆಂಡು, ಕೊಕ್ಕೆಯ ತುದಿಗೆ ಎರೆಹುಳುವೋ ಹಿಟ್ಟಿನ ಉಂಡೆಯೋ ಇದ್ದರೆ ಸಾಮಗ್ರಿ ಮುಗಿಯಿತು. ಮೀನಿಗೆ ಹಸಿವೆ, ಕೊಕ್ಕೆಯಲ್ಲಿ ತಿನಿಸು; ಲೆಕ್ಕ ಸರಳವಾದದ್ದು. ಆದರೆ ತಿನ್ನುವಂಥದು ಏನೂ ಇಲ್ಲದ ಗಾಳವೊಂದುಂಟು. ಅದರ ಕೊಕ್ಕೆಗೆ ಸುತ್ತಿರುವುದು ಒಂದು ಮೊಳ ರೇಷ್ಮೆ ನೂಲು, ಕೋಳಿಯ ಕತ್ತಿನ ಒಂದು ಗರಿ, ಇಷ್ಟೇ. ತಣ್ಣನೆಯ ಹೊಳೆಗಳಲ್ಲಿ ಬಾಳುವ ಟ್ರೌಟ್ ಎಂಬ ಮೀನನ್ನು ಹಿಡಿಯಲು ಇದನ್ನು ಶತಮಾನಗಳಿಂದ ಬಳಸುತ್ತ ಬಂದಿದ್ದಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ವೆಟ್ ಫ್ಲೈ’ ಎಂದು ಹೆಸರು. ನಾವು ಇದನ್ನು ಮುಳುಗುನೊಣ ಎಂದು ಕರೆಯೋಣ. ಇದರ ಕಟ್ಟುವಿಕೆ ಹೇಗೆ, ಬಳಕೆ ಹೇಗೆ, ಭೀಮೆಯ ದಂಡೆಯ ನಮಗೆ ಇದರಿಂದ ತಿಳಿಯತಕ್ಕದ್ದೇನು ಎಂಬುದೇ ಈ ಲೇಖನದ ವಿಷಯ.

ಮೀನು ಗರಿಗೆ ಮೋಸಹೋಗುವುದೇಕೆ ಎಂಬುದನ್ನು ಮೊದಲು ನೋಡಬೇಕು. ನೀರಿನ ಮೇಲೆ ಹಾರಾಡುವ ಅನೇಕ ಕೀಟಗಳು ಹುಟ್ಟುವುದು ನೀರಿನ ಒಳಗೆ. ಮೇಫ್ಲೈ ಎಂಬ ಕೀಟವು ರೆಕ್ಕೆ ಬಂದ ಮೇಲೆ ಕೆಲವು ಗಂಟೆಗಳೋ ಒಂದೆರಡು ದಿನಗಳೋ ಮಾತ್ರ ಬದುಕುತ್ತದೆ. ಅದಕ್ಕೆ ಮುಂಚೆ ಅದು ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ಒಂದೆರಡು ವರ್ಷ, ಹೊಳೆಯ ಕಲ್ಲುಗಳ ಅಡಿಯಲ್ಲಿ ಮರಿಯಾಗಿ ಕಾಲ ಕಳೆಯುತ್ತದೆ. ಕ್ಯಾಡಿಸ್ ಎಂಬ ಇನ್ನೊಂದು ಕೀಟದ ಮರಿಗಳಲ್ಲಿ ಹಲವು ಮರಳಿನ ಕಣಗಳನ್ನು ಅಂಟಿಸಿಕೊಂಡು ತಮಗೆ ತಾವೇ ಗೂಡು ಕಟ್ಟಿಕೊಳ್ಳುತ್ತವೆ. ಇಂಥ ಮರಿಗಳು ಪ್ರವಾಹದಲ್ಲಿ ಕೊಚ್ಚಿಹೋಗುವಾಗ, ರೆಕ್ಕೆ ಬಿಚ್ಚಲೆಂದು ಮೇಲಕ್ಕೆ ಏರುವಾಗ, ಟ್ರೌಟ್ ಅವನ್ನು ನುಂಗುತ್ತದೆ. ಅದರ ಆಹಾರದ ಬಹುಭಾಗ ದೊರೆಯುವುದು ನೀರಿನ ಒಳಗೇ ಹೊರತು ಮೇಲೆ ಅಲ್ಲ. ಅಲ್ಲದೆ ಮೀನಿಗೆ ಕೈಯಿಲ್ಲ. ಹರಿಯುತ್ತ ಬಂದ ವಸ್ತು ತಿನಿಸೋ ಕಸವೋ ಎಂಬುದನ್ನು ಅದು ಬಾಯಿಂದಲೇ ಪರೀಕ್ಷಿಸಬೇಕು. ಆ ಪರೀಕ್ಷೆಯ ಕ್ಷಣವೇ ಗಾಳಗಾರನ ಅವಕಾಶ.

ಈ ಉಪಾಯ ಬಹಳ ಹಳೆಯದು. ಕ್ರಿ.ಶ. 200ರ ಸುಮಾರಿನಲ್ಲಿ ಈಲಿಯನ್ ಎಂಬ ರೋಮಿನ ಲೇಖಕನು, ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಗ್ರಂಥವೊಂದರಲ್ಲಿ ಹನ್ನೆರಡು ನೊಣಗಳ ವಿವರಣೆಯಿದೆ. 1857ರಲ್ಲಿ ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೂವರ್ಟನು ತನ್ನ ಪುಸ್ತಕದಲ್ಲಿ, ‘ಜೇಡ’ಗಳೆಂದು ಹೆಸರಾದ ಮೂರೇ ಬಗೆಯ ಮೃದು ನೊಣಗಳನ್ನು ಎತ್ತಿಹಿಡಿದನು. ನಮ್ಮ ನಾಡೂ ಈ ವಿದ್ಯೆಗೆ ಹೊರತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಉಂಟು. ಮೀನಿನ ಜಾತಿಗಳು, ಅವಕ್ಕೆ ಹಾಕತಕ್ಕ ತಿನಿಸು, ಗಾಳದ ಕೋಲು ದಾರಗಳು ಇವೆಲ್ಲ ಅಲ್ಲಿ ವರ್ಣಿತವಾಗಿವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಭಾಗವನ್ನು ಕುರಿತು ಬರೆದು ವಿದ್ವಾಂಸರ ಗಮನಕ್ಕೆ ತಂದರು. ಸೋಮೇಶ್ವರನ ಆಮಿಷ ತಿನಿಸಿನದು, ಮ್ಯಾಸಿಡೋನಿಯದವರದು ಗರಿಯದು; ಆದರೆ ಮೀನಿನ ಸ್ವಭಾವವನ್ನು ತಿಳಿದು ಗಾಳ ಹಾಕಬೇಕೆಂಬ ನೀತಿ ಎರಡಕ್ಕೂ ಒಂದೇ.

ಇನ್ನು ಕಟ್ಟುವ ಕ್ರಮ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಸಣ್ಣ ಕೊಕ್ಕೆಯನ್ನು ಚಿಕ್ಕ ಇಕ್ಕಳಕ್ಕೆ ಸಿಕ್ಕಿಸಬೇಕು. ತೆಳುವಾದ ರೇಷ್ಮೆ ನೂಲಿಗೆ ಜೇನುಮೇಣ ಸವರಿ, ಕೊಕ್ಕೆಯ ಕಣ್ಣಿನ ಹಿಂದಿನಿಂದ ಬಾಗಿನ ಕಡೆಗೆ ಒತ್ತೊತ್ತಾಗಿ ಸುತ್ತುತ್ತ ಹೋಗಿ, ಬಾಗು ಮುಟ್ಟುವ ಮೊದಲೇ ನಿಲ್ಲಿಸಿ ಹಿಂದಿರುಗಬೇಕು. ಇದೇ ನೊಣದ ಒಡಲು. ಅದು ತೆಳ್ಳಗಿರಬೇಕು. ಹೊಸದಾಗಿ ಕಲಿಯುವವರು ನೂಲನ್ನು ಬೇಕಾದುದಕ್ಕಿಂತ ಹೆಚ್ಚು ಸುತ್ತಿ ಒಡಲನ್ನು ಡೊಳ್ಳು ಮಾಡುವುದುಂಟು; ಹೊಳೆಯ ಕೀಟಗಳು ಅಷ್ಟು ದಪ್ಪವಾಗಿರುವುದಿಲ್ಲ. ಬಳಿಕ ಹೇಂಟೆಯ ಕತ್ತಿನ ಒಂದು ಸಣ್ಣ ಗರಿಯನ್ನು ತೆಗೆದುಕೊಂಡು, ಬುಡದ ನಯವಾದ ತುಪ್ಪುಳನ್ನು ಕಿತ್ತು, ಕಣ್ಣಿನ ಹಿಂದೆ ಕಟ್ಟಿ, ಎರಡೇ ಸುತ್ತು ಸುತ್ತಬೇಕು. ಗರಿಯ ಎಳೆಗಳು ಕೊಕ್ಕೆಯಷ್ಟೇ ಉದ್ದವಿದ್ದು ಹಿಂದಕ್ಕೆ ಬಾಗಿದ್ದರೆ ಚೆನ್ನು. ಕೊನೆಗೆ ನೂಲನ್ನು ಗಂಟುಹಾಕಿ ಕತ್ತರಿಸಿದರೆ ನೊಣ ಸಿದ್ಧವಾಯಿತು.

ಹುಂಜದ ಗರಿ ಬಿಟ್ಟು ಹೇಂಟೆಯದೇ ಏಕೆ? ಹುಂಜದ ಗರಿ ಬಿರುಸಾದುದು. ನೀರಿನ ಮೇಲೆ ತೇಲತಕ್ಕ ನೊಣಕ್ಕೆ ಅದು ಒಪ್ಪುತ್ತದೆ. ಹೇಂಟೆಯದು ಮೃದು. ಅದು ನೀರನ್ನು ಹೀರಿ ಮುಳುಗುತ್ತದೆ. ಪ್ರವಾಹ ತಾಗಿದಾಗ ಅದರ ಎಳೆಗಳು ಮುದುಡಿ ಬಿಚ್ಚಿ ಕೀಟದ ಕಾಲುಗಳಂತೆ ಆಡುತ್ತವೆ. ಬಣ್ಣಕ್ಕಿಂತಲೂ ಈ ಚಲನೆಯೇ ಮುಖ್ಯವೆಂದು ಅನುಭವಿಗಳು ಹೇಳುವರು. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿಗಳಿಗೆ ಮೇಣದ ಹನಿಯಂಥ ಚುಕ್ಕೆಗಳಿರುವುದರಿಂದ ಪಾಶ್ಚಾತ್ಯ ನೊಣಗಾರರು ಅವನ್ನು ಬಹಳ ಬಯಸಿದರು. ಆ ಹಕ್ಕಿಗೆ ಇದರಿಂದ ಅಪಾಯವೂ ಒದಗಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಈಗ ಅದಕ್ಕಿದೆ. ಒಳ್ಳೆಯ ನೊಣಕ್ಕೆ ಕಾಡುಹಕ್ಕಿಯ ಗರಿ ಬೇಕಾಗಿಯೂ ಇಲ್ಲ. ಮನೆಯ ಹಿತ್ತಲಿನ ಹೇಂಟೆ ಸಾಕು.

ಬಳಸುವ ವಿಧಾನ ಎರಡು. ನೊಣಕ್ಕೆ ಭಾರವಿಲ್ಲದ ಕಾರಣ, ಭಾರವಾದ ದಾರವನ್ನು ಕೋಲಿನಿಂದ ಬೀಸಿದಾಗ ದಾರವೇ ನೊಣವನ್ನು ಒಯ್ಯುತ್ತದೆ. ಮೊದಲನೆಯ ವಿಧಾನದಲ್ಲಿ ದಾರವನ್ನು ಹೊಳೆಗೆ ಅಡ್ಡಲಾಗಿ, ತುಸು ಇಳಿಮುಖವಾಗಿ ಎಸೆಯುತ್ತಾರೆ. ಪ್ರವಾಹವು ನೊಣವನ್ನು ಬಿಲ್ಲಿನಂತೆ ಸುತ್ತಿಸಿ ದಂಡೆಯ ಕಡೆಗೆ ತರುತ್ತದೆ. ಆ ಸುತ್ತಿನ ಕೊನೆಯಲ್ಲಿ ದಾರ ಬಿಗಿದು ನೊಣ ಮೇಲಕ್ಕೆ ಏಳುವುದು, ರೆಕ್ಕೆ ಬಿಚ್ಚಲು ಏರುವ ಮರಿಯನ್ನೇ ಹೋಲುತ್ತದೆ. ಮೀನು ಕಚ್ಚುವುದು ಹೆಚ್ಚಾಗಿ ಅಲ್ಲಿಯೇ. ಎರಡನೆಯದು ಸ್ಟೂವರ್ಟನ ವಿಧಾನ. ಹೊಳೆಯ ಮೀನು ಪ್ರವಾಹಕ್ಕೆ ಎದುರು ಮುಖವಾಗಿ ನಿಲ್ಲುವುದಾದ್ದರಿಂದ, ಕೆಳಗಿನಿಂದ ಮೇಲಕ್ಕೆ ನಡೆಯುತ್ತ ಅದರ ಹಿಂದಿನಿಂದ ಎಸೆಯಬೇಕು. ಆಗ ಮೀನಿಗೆ ಮನುಷ್ಯ ಕಾಣುವುದಿಲ್ಲ. ಕೊಕ್ಕೆಯ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಕೊಂಡವರು ಹಿಡಿದ ಮೀನನ್ನು ಹೆಚ್ಚು ಗಾಯವಿಲ್ಲದೆ ಮರಳಿ ಬಿಡಲೂ ಬಲ್ಲರು.

ಭೀಮೆಯಲ್ಲಿ ಟ್ರೌಟ್ ಏಕಿಲ್ಲ ಎಂದು ಓದುಗರು ಕೇಳಬಹುದು. ದಕ್ಷಿಣದಲ್ಲಿ ಈ ಮೀನು ನೆಲೆಗೊಂಡದ್ದು ನೀಲಗಿರಿಯ ಎತ್ತರದ ಹೊಳೆಗಳಲ್ಲಿ. 1863ರಲ್ಲಿ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಫಲಿಸಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಎಚ್. ಸಿ. ವಿಲ್ಸನ್ ಅದನ್ನು ಸಾಧಿಸಿದನು. ಅಲ್ಲಿಯ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರವೂ ಸ್ಥಾಪಿತವಾಯಿತು. ಕಾರಣ ನೀರಿನ ತಂಪು. ಹತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. ಮೂವತ್ತು ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ನೀರು ಇಪ್ಪತ್ತು ಡಿಗ್ರಿ ದಾಟಿದರೆ ಟ್ರೌಟಿಗೆ ಕಷ್ಟ. ನಮ್ಮ ಬೇಸಿಗೆಯನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಹಾಗೆಂದು ಈ ವಿದ್ಯೆ ನಮಗೆ ನಿರರ್ಥಕವಲ್ಲ. ದಖ್ಖನಿನ ಮಹಶೀರ್ ಮೀನನ್ನು ಕರ್ನಲ್ ಸೈಕ್ಸ್ 1839ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದ್ದು ಪುಣೆಯ ಬಳಿಯ ಮುಳಾ-ಮುಠಾ ಹೊಳೆಯಿಂದ. ಆ ನೀರು ಬಂದು ಸೇರುವುದು ಭೀಮೆಯನ್ನೇ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್, 1873ರಲ್ಲಿ ಮಂಗಳೂರಿನಿಂದ ಹೊರಬಂದ ತನ್ನ ಪುಸ್ತಕದಲ್ಲಿ, ಮಹಶೀರನ್ನು ಗಾಳದಲ್ಲಿ ಹಿಡಿಯುವ ಬಗೆಯನ್ನು ವಿಸ್ತಾರವಾಗಿ ಬರೆದನು. ಟ್ರೌಟ್ ಇಲ್ಲದ ಹೊಳೆಯಲ್ಲಿಯೂ ಕೀಟವನ್ನು ತಿನ್ನುವ ಮೀನುಂಟು. ಕಲ್ಲಿನ ಅಡಿಯ ಜೀವಲೋಕವುಂಟು.

ಆ ಜೀವಲೋಕ ಉಳಿಯಬೇಕಾದರೆ ಹರಿವು ಬೇಕು, ಕಲ್ಲು ಮರಳು ಬೇಕು, ನೀರು ಶುದ್ಧವಿರಬೇಕು. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು, ಅಫಜಲಪುರ ತಾಲ್ಲೂಕಿನಲ್ಲಿ ಸೊನ್ನದ ಬ್ಯಾರೇಜು, ಆಳಂದದ ಕಡೆಯಿಂದ ಬಂದು ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವ ಅಮರ್ಜೆಗೂ ಒಂದು ಅಣೆ. ಹೊಲಕ್ಕೆ ನೀರು ಬೇಕೆಂಬುದನ್ನು ಅಲ್ಲಗಳೆಯುವವರಾರು? ಆದರೆ ನಿಂತ ನೀರು ಹರಿಯುವ ನೀರಿನ ಕೀಟಗಳನ್ನು ಸಾಕಲಾರದು. ಮರಳನ್ನು ಬಗೆದು ಒಯ್ದ ಪಾತ್ರದಲ್ಲಿ ಅವಕ್ಕೆ ಮನೆಯಿರುವುದಿಲ್ಲ. ಮೇಫ್ಲೈ ಮರಿಗಳಲ್ಲಿ ಅನೇಕ ಜಾತಿಗಳು ಕೊಳೆತ ನೀರಿನಲ್ಲಿ ಬಾಳಲಾರವು. ಆದುದರಿಂದಲೇ ವಿಜ್ಞಾನಿಗಳು ಹೊಳೆಯ ಆರೋಗ್ಯವನ್ನು ಅಳೆಯಲು ಇವನ್ನೇ ಎಣಿಸುತ್ತಾರೆ.

ಅನುಭವಿ ಗಾಳಗಾರನು ಯಾವ ನೊಣ ಕಟ್ಟಬೇಕೆಂದು ಪುಸ್ತಕವನ್ನು ಕೇಳುವ ಮೊದಲು ಹೊಳೆಯ ಕಲ್ಲೊಂದನ್ನು ಮಗುಚಿ ನೋಡುತ್ತಾನೆ. ನಮ್ಮ ಗೆಳೆಯರು ನೊಣ ಕಟ್ಟಲಿ, ಬಿಡಲಿ. ರಜೆಯಲ್ಲಿ ಊರಿಗೆ ಹೋದಾಗ ಭೀಮೆಯ ಹರಿವಿನಲ್ಲಿ ಕಲ್ಲೊಂದನ್ನು ಮಗುಚಿ, ಅದರ ಅಡಿಯಲ್ಲಿ ಏನು ಉಳಿದಿದೆಯೆಂದು ನೋಡಿ, ಮತ್ತೆ ಇದ್ದಂತೆಯೇ ಇಟ್ಟು ಬರಲಿ.